ರಾಜನ ಕಿವಿಯಲ್ಲಿ ನಮ್ಮನೆ ಗಲಾಟೆ

ನಾಟಕದಲ್ಲಿ ಮಾತು ಮರೆತ ನಟನಿಗೆ ಪರದೆಯ ಮರೆಯಲ್ಲಿ ನಿಂತು ಮುಂದಿನ ಸಾಲು ಪಿಸುಗುಟ್ಟುವುದು ನನ್ನ ಕೆಲಸ. ಇದೂ ಒಂದು ಉದ್ಯೋಗವೇ ಎಂದು ಮೂಗು ಮುರಿಯುವವರಿಗೆ ಉತ್ತರ ಕೊಟ್ಟು ಕೊಟ್ಟು ನನ್ನ ನಾಲಿಗೆ ಸವೆದಿದೆ. ಅದು ಸಾಲದೆಂಬಂತೆ ಈಗ ಮಂಡಿಯೂ ಕೈಕೊಟ್ಟಿತು. ಕಂಪನಿಯ ವ್ಯಾನು ಹತ್ತಿ ಊರೂರು ಅಲೆಯುವುದು ಇನ್ನಾಗದು ಎಂದಾದಾಗ ನಾನೇ ಒಂದು ದಾರಿ ಹುಡುಕಿದೆ. ನಟರ ಕಿವಿಯಲ್ಲಿ ಕಡಲೆಕಾಳಿನಷ್ಟು ಇಯರ್‌ಫೋನು. ಮನೆಯಲ್ಲಿ ನನ್ನ ಮುಂದೆ ಮೈಕು, ನಾಟಕದ ಪ್ರತಿ, ಲ್ಯಾಪ್‌ಟಾಪಿನಲ್ಲಿ ರಂಗದ ನೇರ ಚಿತ್ರ.

ಕಂಪನಿಯ ಯಜಮಾನರು ಗಡ್ಡ ಕೆರೆದುಕೊಂಡು ಒಪ್ಪಿದರು.

"ಒಂದು ಶೋ ನೋಡ್ತೀನಿ. ಎಡವಟ್ಟಾದ್ರೆ ವೇದಿಕೆ ಮುಂದೆ ಅಕ್ಷರ ಓಡೋ ಟಿವಿ ಇಡಿಸ್ತೀನಿ. ಆಮೇಲೆ ನನ್ನ ಬೈಕೋಬೇಡಿ."

ಹಾಗಾದರೆ ನಾನು ಮೈದುನನ ಪ್ಲಾಸ್ಟಿಕ್ ಅಂಗಡಿಯಲ್ಲಿ ಬಕೆಟ್ಟುಗಳ ನಡುವೆ ಕೂರಬೇಕು. ಬಕೆಟ್ಟುಗಳು ಮಾತು ಮರೆಯುವುದಿಲ್ಲ. ಅಲ್ಲಿ ನನಗೇನು ಕೆಲಸ?

ಬೆಳಗಿನಿಂದ ಮನೆಯವರಿಗೆ ಹೇಳಿದ್ದೇ ಹೇಳಿದ್ದು: ನಾಟಕ ಮುಗಿಯುವವರೆಗೆ ಈ ಕೋಣೆಗೆ ಬರಬೇಡಿ, ಬಂದರೂ ಬಾಯಿ ತೆರೆಯಬೇಡಿ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ನಮ್ಮತ್ತೆಯ ಪ್ರಕಾರ ಚಪ್ಪಲಿ ಹಾಕಿಕೊಂಡು ಹೊರಟರೆ ಅದು ಕೆಲಸ. ಮನೆಯಲ್ಲೇ ಕೂತವರು ಕೈಗೆ ಸಿಕ್ಕ ಆಳು.

ನಾಟಕ ಶುರುವಾಯಿತು. ರಾಜನ ಪಾತ್ರದ ಹಿರಿಯ ನಟರಿಗೆ ನನ್ನ ಪಿಸುಮಾತೇ ಊರುಗೋಲು. ಕಿವಿಗೆ ಬಿದ್ದದ್ದನ್ನು ಹಾಗೆಯೇ ಹೇಳಿಬಿಡುತ್ತಾರೆ. ಅವರ ಕಿವಿಗೂ ಬಾಯಿಗೂ ನಡುವೆ ತಲೆ ಎಂಬುದು ಅಡ್ಡ ಬರುವುದೇ ಇಲ್ಲ.

"ನನ್ನ ಖಡ್ಗವೆಲ್ಲಿ?" ಎಂದು ನಾನು ಪಿಸುಗುಟ್ಟುವುದಕ್ಕೂ ನನ್ನ ಗಂಡ ಬಾಗಿಲು ತಳ್ಳುವುದಕ್ಕೂ ಸರಿಹೋಯಿತು.

"ನನ್ನ ನೀಲಿ ಷರ್ಟ್ ಎಲ್ಲಿಟ್ಟಿದ್ದೀಯೆ?"

"ನನ್ನ ಖಡ್ಗವೆಲ್ಲಿ?" ರಾಜ ಗರ್ಜಿಸಿದ. "ನನ್ನ ನೀಲಿ ಷರ್ಟ್ ಎಲ್ಲಿಟ್ಟಿದ್ದೀಯೆ?"

ಸೇವಕನ ಪಾತ್ರದವನು ಘಾಟಿ. "ಒಗೆಯೋಕೆ ಹಾಕಿದ್ದೇನೆ, ಪ್ರಭೂ" ಎಂದ. ಜನ ಬಿದ್ದು ಬಿದ್ದು ನಕ್ಕರು. ಮೊಬೈಲಿನಲ್ಲಿ ಯಜಮಾನರ ಸಂದೇಶ ಮಿನುಗಿತು: "ಇನ್ನೊಂದು ಸಲ ಹೀಗಾದ್ರೆ ಟಿವಿನೇ ಗತಿ."

ಮೈಕಿನ ಗುಂಡಿ ಒತ್ತಿ ಸದ್ದು ಅಡಗಿಸಬೇಕಿತ್ತು, ನಿಜ. ಪರದೆಯ ಮರೆಯಲ್ಲಿ ಬಾಳು ಸವೆಸಿದವಳಿಗೆ ಗುಂಡಿಯ ಅಭ್ಯಾಸ ಎಲ್ಲಿಂದ ಬರಬೇಕು? ಈಗ ಒತ್ತಿದೆ. ಗಂಡನನ್ನು ಹೊರಗಟ್ಟಿದೆ. ಅತ್ತೆಯ ಮುಂದೆ ಕೈಮುಗಿದು, "ದಮ್ಮಯ್ಯ, ಮಾತಾಡ್ಬೇಡಿ" ಎಂದೆ. ಅತ್ತೆ ತಲೆಯಾಡಿಸಿದರು.

ಕೊನೆಯ ದೃಶ್ಯ. ತಮ್ಮನಿಗೆ ಪಟ್ಟ ಬಿಟ್ಟುಕೊಟ್ಟ ರಾಜ ಅರಮನೆಯ ಮೂಲೆಯಲ್ಲಿ ಕೂತಿದ್ದಾನೆ, ಯಾರೂ ಅವನನ್ನು ಕೇಳುವವರಿಲ್ಲ. ಅವನು ಎದ್ದು ನಿಂತು ಸಭೆಯನ್ನು ನೋಡಿದ. ಮಾತು ಮರೆತ. ಮೈಕು ತೆರೆದು ಪ್ರತಿಯತ್ತ ಕಣ್ಣು ಹಾಯಿಸಿದೆ. ಅಷ್ಟರಲ್ಲಿ ಅತ್ತೆ ಬೆಕ್ಕಿನ ಹೆಜ್ಜೆಯಲ್ಲಿ ಬಂದು, ಸರಿಯಾಗಿ ಆ ಸಾಲಿನ ಮೇಲೆಯೇ ಹಸಿ ಬಟಾಣಿಯ ಪಾತ್ರೆ ಇಟ್ಟರು. ಬಾಯಿ ಬಿಡಲಿಲ್ಲ. ಸುಲಿ, ಎಂದು ಕೈಸನ್ನೆ ಮಾಡಿದರು.

ನನ್ನ ಸಿಟ್ಟು ನೆತ್ತಿಗೇರಿತು.

"ಮನೇಲಿದ್ದೀನಿ ಅಂದ್ರೆ ಬಿಡುವಾಗಿದ್ದೀನಿ ಅಂತಲ್ಲ! ಇಷ್ಟು ವರ್ಷ ಎಲ್ಲರ ಹಿಂದೆ ನಿಂತು ಎಲ್ಲರನ್ನೂ ಕಾಪಾಡಿದ್ದೀನಿ. ಒಂದು ಗಳಿಗೆ ನನ್ನ ಮಾತು ಕೇಳಿಸ್ಕೊಂಡ್ರೆ ನಿಮ್ಮ ಗಂಟೇನು ಹೋಗುತ್ತೆ?"

ಹೇಳಿದ ಮೇಲೆ ಗುಂಡಿಯತ್ತ ನೋಡಿದೆ. ಮೈಕು ತೆರೆದೇ ಇತ್ತು.

ಲ್ಯಾಪ್‌ಟಾಪಿನಲ್ಲಿ ರಾಜ ಸಭೆಯ ಕಡೆ ತಿರುಗಿದ. ಒಂದಕ್ಷರ ಬಿಡದೆ, ನಿಧಾನವಾಗಿ, ಆ ದೊಡ್ಡ ದನಿಯಲ್ಲಿ ಅದನ್ನೇ ಹೇಳಿದ. "ನಿಮ್ಮ ಗಂಟೇನು ಹೋಗುತ್ತೆ?" ಎನ್ನುವಾಗ ಎರಡೂ ಕೈ ಸಭೆಯತ್ತ ಚಾಚಿದ. ಯಾರೂ ನಗಲಿಲ್ಲ. ಆಮೇಲೆ ಚಪ್ಪಾಳೆ ಶುರುವಾಯಿತು, ನಿಲ್ಲಲೇ ಇಲ್ಲ.

ಜೀವನವಿಡೀ ಬೇರೆಯವರ ಮಾತು ಎತ್ತಿಕೊಟ್ಟವಳು ನಾನು. ನನಗೆ ಅಳು ಬಂತು.

ಮೊಬೈಲು ಮಿನುಗಿತು: "ಈ ಮಾತು ನಾಳೆಗೂ ಇರ್ಲಿ. ನೀವೂ ಇರಿ."

ಅತ್ತೆ ಲ್ಯಾಪ್‌ಟಾಪನ್ನೇ ನೋಡುತ್ತಾ ನಿಂತಿದ್ದರು. ನಾನು ಅಡುಗೆಮನೆಯಲ್ಲಿ ನೂರು ಸಲ ಹೇಳಿದ್ದು ಅವರಿಗೆ ಈಗ ಕೇಳಿಸಿತ್ತು, ಅದೂ ರಾಜನ ಬಾಯಲ್ಲಿ. ಬಟಾಣಿಯ ಪಾತ್ರೆಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಇನ್ನೊಂದು ಅಂಗೈಯಿಂದ ಮೈಕನ್ನು ಗಟ್ಟಿಯಾಗಿ ಮುಚ್ಚಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಮುಂದಿಂದು ಹೇಳೇ," ಎಂದು ಪಿಸುಗುಟ್ಟಿದರು. "ಪಾಪ, ಕಾಯ್ತಾ ನಿಂತಿದ್ದಾನೆ."