ಕಿವಿ ಕೊಯ್ದ ಕಾರ್ಡು

"ಮೂರನೇ ಸಲ ನಿಂತೈತೆ ಸಾರ್. ಹೊಸಾದು ಬಂದು ಇನ್ನೂ ಹದಿನೈದು ದಿನ ಆಗಿಲ್ಲ. ನಮ್ಮ ಹಳೇದು ನಾಕು ವರ್ಷದಾಗೆ ಒಂದ್ಸಲ ಕೆಮ್ಮಿತ್ತಾ ಕೇಳ್ರಿ."

ಸೂಪರ್‌ವೈಸರ್ ಶಿವಕುಮಾರಪ್ಪ ಹೀಗಂದು, ಬೆಂಗಳೂರಿನ ಮುಖ್ಯ ಕಚೇರಿಯಿಂದ ಬಂದಿದ್ದ ಗೋವಿಂದಪ್ಪ ಸಾಹೇಬರ ಮುಖ ನೋಡಿದರು. ಚಿತ್ರದುರ್ಗದ ಹೊರವಲಯದಲ್ಲಿದ್ದ ಗಣಿ ಕಂಪನಿಯೊಂದರ ಕಂಪ್ಯೂಟರ್ ಕೋಣೆ ಅದು. ಎಪ್ಪತ್ತೆಂಟನೇ ಇಸವಿಯ ಆ ಬೇಸಿಗೆಯಲ್ಲಿ ದುರ್ಗದ ಬಂಡೆಗಳೆಲ್ಲ ಹಂಚಿನ ಹಾಗೆ ಕಾದಿದ್ದರೂ ಈ ಕೋಣೆ ಮಾತ್ರ ತಣ್ಣಗಿತ್ತು. ಚಪ್ಪಲಿ ಹೊರಗೇ ಬಿಡಬೇಕು. ಯಂತ್ರದ ಹಣೆಯ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು.

ಯಂತ್ರ ಒಂದೇ. ಜಗಳ ಇದ್ದದ್ದು ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಯಾವುದಿರಬೇಕು ಅನ್ನುವುದಕ್ಕೆ. ಹಳೆಯದು ಒಂದು ಕೆಲಸ ಮುಗಿದ ಮೇಲೆ ಇನ್ನೊಂದನ್ನು ಹಿಡಿಯುತ್ತಿತ್ತು. ಹೊಸದು ನಾಲ್ಕು ಕೆಲಸವನ್ನು ಒಟ್ಟಿಗೆ ನಡೆಸುತ್ತಿತ್ತು. ಆಪರೇಟರ್ ರಹಮತ್ ಉಲ್ಲಾ ಮೂರು ತಿಂಗಳು ತರಬೇತಿ ಮುಗಿಸಿ ಬಂದು, ಕೂತಲ್ಲಿ ನಿಂತಲ್ಲಿ ವಾದ ಮಾಡಿ ಹೊಸದನ್ನು ಹಾಕಿಸಿದ್ದ. ಅದು ಬಿದ್ದರೆ ಅವನೂ ಬಿದ್ದ. ಅವನನ್ನು ಉಗ್ರಾಣಕ್ಕೆ ಹಾಕುತ್ತಾರೆಂದು ಕ್ಯಾಂಟೀನಿನಲ್ಲಿ ಆಗಲೇ ಮಾತಾಗಿತ್ತು. ಸಂಜೆ ಬಸ್ಸು ಹತ್ತುವುದರೊಳಗೆ ಗೋವಿಂದಪ್ಪನವರು ಎರಡರಲ್ಲಿ ಒಂದನ್ನು ಆರಿಸಬೇಕು.

"ನಾಕು ಮನೆಯೋರ ಬ್ಯಾಳೆ ಒಂದೇ ಮಡಿಕೇಲಿ ಬೇಯಿಸ್ದಂಗೆ ಸಾರ್ ಇದು. ಯಾರ ಬ್ಯಾಳೆ ಯಾರ ಗಂಗಾಳಕ್ಕೆ ಬೀಳ್ತೈತೋ ದೇವರಿಗೇ ಗೊತ್ತು," ಅಂದರು ಶಿವಕುಮಾರಪ್ಪ.

"ಮಡಿಕೆ ಒಂದಲ್ರಿ ಶಿವಕುಮಾರಪ್ಪೋರೆ, ಒಲೆ ಒಂದು," ಅಂದ ರಹಮತ್. "ಮಡಿಕೆ ನಾಕೂ ಬ್ಯಾರೆ ಬ್ಯಾರೆ ಅವೆ. ಒಂದು ಬೇಯೋವಾಗ ಇನ್ನೊಂದಕ್ಕೆ ಒಗ್ಗರಣೆ ಹಾಕ್ಕಬೋದು. ಒಂದರದ್ದು ಇನ್ನೊಂದಕ್ಕೆ ಬೀಳಂಗೇ ಇಲ್ಲ."

"ಒಲೆನೇ ಆರಿ ಹೋದ್ರೆ? ಮೂರು ಸಲ ಆರಿತಲ್ಲಪ್ಪ ನಿನ್ನ ಒಲೆ."

ರಹಮತ್ ಕಾರ್ಡು ಓದುವ ಯಂತ್ರದ ಬಾಯಿಂದ ಕೊನೆಯ ಕಾರ್ಡನ್ನು ಎಳೆದು ದೀಪಕ್ಕೆ ಹಿಡಿದ. "ಪ್ರತಿ ಸಲ ಕಾರ್ಡು ಓದೋವಾಗಲೇ ನಿಲ್ತೈತೆ ಸಾರ್. ಇಲ್ದಿರೋ ತೂತು ಇದಕ್ಕೆ ಕಾಣ್ತೈತೆ. ಯಾಕೆ ಅಂತ ಹುಡುಕಿ ಹುಡುಕಿ ಸಾಕಾಗೈತೆ."

ಗೋಡೆಗೆ ಒರಗಿ ನಿಂತಿದ್ದ ಉಗ್ರಪ್ಪ ಆ ಕಾರ್ಡು ನೋಡಿದ. ಕಾರ್ಡಿನ ಎಡ ಅಂಚಿನಲ್ಲಿ ಗೊತ್ತಿದ್ದವರಿಗಷ್ಟೇ ಕಾಣುವ, ಅಕ್ಕಿಕಾಳಿನಷ್ಟು ಕಚ್ಚು ಇತ್ತು. ಅದು ಅವನದೇ ಕತ್ತರಿಯ ಕಚ್ಚು.

ಉಗ್ರಪ್ಪ ಹೊಸದುರ್ಗದ ಕಡೆಯ ಹಟ್ಟಿಯವನು, ಕುರಿಯವರ ಮನೆಯಲ್ಲಿ ಮೊದಲು ಎಸ್ಸೆಸ್ಸೆಲ್ಸಿ ಪಾಸಾದವನು. ಅದಿರಿನ ಮಾದರಿಯ ಅಂಕಿಗಳನ್ನು ಯಂತ್ರ ಓದುವಂತೆ ಕಾರ್ಡಿನ ಮೇಲೆ ತೂತುಗಳಾಗಿ ಹೊಡೆಯುವುದು ಅವನ ಕೆಲಸ. ಕೆಲಸ ಕೊಡಿಸಿದವನು ರಹಮತ್. ಇನ್ನೂ ತಾತ್ಕಾಲಿಕ, ಬರುವ ಒಂದನೇ ತಾರೀಖಿಗೆ ಕಾಯಂ ಆಗಬೇಕು. ಹಳೆಯ ವ್ಯವಸ್ಥೆಯಲ್ಲಿ ಅವನ ಕಾರ್ಡಿನ ಕಟ್ಟು ಒಂದೇ ಹೋಗಿ ಒಂದೇ ಬರುತ್ತಿತ್ತು. ಹೊಸದು ಬಂದ ಮೇಲೆ ಎಲ್ಲ ವಿಭಾಗದ ಕಾರ್ಡುಗಳನ್ನೂ ಒಂದರ ಮೇಲೊಂದು ಪೇರಿಸಿ ಓದಿಸತೊಡಗಿದರು. ಅದನ್ನು ಕಂಡು ಅವನಿಗೆ ನಿದ್ದೆ ಬರಲಿಲ್ಲ. ಆರು ಮನೆಯ ಕುರಿ ಒಂದೇ ಹೊಲದಲ್ಲಿ ಮಂದೆ ಹಾಕುವಾಗ ಅಪ್ಪ ಯತ್ತಪ್ಪ ತನ್ನ ಕುರಿಗಳ ಕಿವಿಯ ಅಂಚು ಕೊಯ್ದು ಗುರುತು ಮಾಡುತ್ತಿದ್ದ. ಇವನೂ ಹಾಗೇ ಪ್ರತಿ ಕಟ್ಟಿನ ಮೊದಲ ಕಾರ್ಡಿಗೂ ಕೊನೆಯ ಕಾರ್ಡಿಗೂ ಸಣ್ಣಗೆ ಕಿವಿ ಕೊಯ್ದ. ಕೈ ಹಗುರವಿದ್ದಾಗ ಏನೂ ಆಗಲಿಲ್ಲ. ಕತ್ತರಿ ಒಂದು ಕೂದಲು ಆಳ ಹೋದಾಗ ತೂತು ಹುಡುಕುವ ಯಂತ್ರದ ಬೆಳಕು ಆ ಕಚ್ಚಿನೊಳಗೆ ನುಗ್ಗಿ, ಅದಕ್ಕೆ ತೂತಿನ ಹಾಗೆ ಕಂಡಿತ್ತು.

ಉಗ್ರಪ್ಪ ಹೊರಗೆ ಹೋದ. ಚಪ್ಪಲಿ ಮೆಟ್ಟಿದ, ಬಿಚ್ಚಿದ, ಮತ್ತೆ ಮೆಟ್ಟಿದ. ಸುಮ್ಮನಿದ್ದರೆ ಒಂದನೇ ತಾರೀಖು ತಾನಾಗಿ ಬರುತ್ತದೆ. ಒಳಗೆ ಶಿವಕುಮಾರಪ್ಪನವರ ದನಿ ಏರುತ್ತಲೇ ಇತ್ತು, ರಹಮತ್‌ದು ಕೇಳಿಸಲೇ ಇಲ್ಲ. ಚಪ್ಪಲಿ ಕಳಚಿ ಒಳಗೆ ಬಂದ.

"ಸಾರ್, ಅದು ಸಿಸ್ಟಂ ತಪ್ಪಲ್ಲ. ಕಾರ್ಡಿನ ಕಿವಿ ಕೊಯ್ದೋನು ನಾನು."

"ಕಿವಿನಾ?" ಅಂದರು ಗೋವಿಂದಪ್ಪ.

"ಗುರುತಿಗೆ ಸಾರ್. ನಾವು ಕುರಿಯೋರು. ನಮ್ಮವು ಬ್ಯಾರೆಯೋರ ಮಂದೆಗೆ ಸೇರ್ಕಂಬಿಡ್ತಾವೇನೋ ಅಂತ ಭಯ ಆತು."

ಶಿವಕುಮಾರಪ್ಪ ಮೇಜು ತಟ್ಟಿ ನಕ್ಕರು. "ನೋಡ್ರಿ ಸಾರ್, ಅದರ ಜತೆಗೆ ದುಡಿಯೋನಿಗೇ ಅದರ ಮ್ಯಾಲೆ ನಂಬಿಕೆ ಇಲ್ಲ."

ಗೋವಿಂದಪ್ಪ ನಗಲಿಲ್ಲ. ಆ ಮಾತು ಅವರಿಗೆ ನಾಟಿತೆಂದು ಉಗ್ರಪ್ಪನಿಗೆ ಅನಿಸಿತು.

"ಲೇ ಉಗ್ರಪ್ಪ," ಅಂದ ರಹಮತ್ ಮೆಲ್ಲಗೆ, "ಹತ್ತು ದಿನದಿಂದ ಉಣ್ಣದು ಬಿಟ್ಟು ಇದರ ಹೊಟ್ಟೆ ಬಗೀತಿದೀನಿ. ಬಾಯಿ ಬಿಡಬಾರ್ದಾಗಿತ್ತೇನೋ?"

"ನಂಗೂ ಈಗ್ಲೇ ಗೊತ್ತಾಗಿದ್ದಣ್ಣ."

"ಕೊಯ್ದವೆಷ್ಟು?" ಕೇಳಿದರು ಗೋವಿಂದಪ್ಪ.

"ಹದಿನೆಂಟು ಉಳಿದಾವೆ ಸಾರ್."

"ಹೊಸವು ಹೊಡಿ, ಓಡಿಸಿ ನೋಡೋಣ. ಆಮೇಲೆ ನೀನು ಮಾಡಿದ್ದನ್ನ ನಿನ್ನ ಕೈಯಾರೆ ಬರೆದು ಸಹಿ ಹಾಕಿ ಕೊಡು. ಕಾಯಂ ವಿಷಯ ನಾನೊಬ್ಬ ತೀರ್ಮಾನ ಮಾಡೋದಲ್ಲ."

ಉಗ್ರಪ್ಪ ಹದಿನೆಂಟು ಕಾರ್ಡು ಹೊಡೆದ. ಎರಡು ಸಲ ಅಂಕಿ ತಪ್ಪಿ, ಆ ಕಾರ್ಡುಗಳನ್ನು ಹರಿದು ಮತ್ತೆ ಹೊಡೆದ. ರಹಮತ್ ನಾಲ್ಕೂ ವಿಭಾಗದ ಕಟ್ಟುಗಳನ್ನು ಪೇರಿಸಿ ಗುಂಡಿ ಒತ್ತಿದ. ಕಾರ್ಡುಗಳು ಜೋಳ ಹುರಿದ ಹಾಗೆ ಸದ್ದು ಮಾಡುತ್ತ ಒಳಗೆ ಹೋದವು. ಗೋವಿಂದಪ್ಪ ಗಡಿಯಾರ ನೋಡಿಕೊಂಡು ನಿಂತರು. ಶಿವಕುಮಾರಪ್ಪ ಅದು ನಿಲ್ಲುವುದನ್ನೇ ಕಾಯುತ್ತ ಕೈಕಟ್ಟಿದರು.

ರಹಮತ್ ಉಗ್ರಪ್ಪನ ಕಡೆ ನೋಡಲಿಲ್ಲ. ಕಾಲಿನಿಂದಲೇ ಒಂದು ಸ್ಟೂಲನ್ನು ಅವನ ಕಡೆ ತಳ್ಳಿದ. ಉಗ್ರಪ್ಪ ಕೂರಲಿಲ್ಲ. ಕೊನೆಯ ಕಾರ್ಡೂ ಒಳಗೆ ಹೋಯಿತು, ಯಂತ್ರ ನಿಲ್ಲಲಿಲ್ಲ. ಮೂಲೆಯಲ್ಲಿದ್ದ ಅಚ್ಚಿನ ಯಂತ್ರ ಒಮ್ಮೆ ನಡುಗಿ ಶುರುವಾಯಿತು. ಉದ್ದನೆಯ ಕಾಗದ ಮೇಲೆದ್ದು ಬಂದು, ಮಡಿಕೆ ಮೇಲೆ ಮಡಿಕೆಯಾಗಿ ಬುಟ್ಟಿಯೊಳಗೆ ಮಲಗತೊಡಗಿತು.