ಎವರಿಸ್ತೊಗೆ ಇಟ್ಟ ನೀರು

ಅಪ್ಪನ ಆತ್ಮಕ್ಕೆಂದು ದೇವರ ಮುಂದೆ ಇಡಬೇಕಾದ ಲೋಟವನ್ನು ದಿಲ್ಸಿಯಾ ನಲ್ಲಿಯ ಕೆಳಗೆ ಹಿಡಿದಿದ್ದಳು. ಪಕ್ಕದ ಮನೆಯ ದೋನ್ಯಾ ತೊಮಾಸಾ ನಡುವೆ ಕೈ ತೂರಿಸಿ ಒಂದು ಚೊಂಬು ತುಂಬಿಕೊಂಡು, ಗಟಗಟ ಕುಡಿದು, ಸೆರಗಿನಂತೆ ಹೊದ್ದಿದ್ದ ಕಪ್ಪು ಶಾಲಿನಲ್ಲಿ ಬಾಯೊರೆಸಿಕೊಂಡಳು.

"ಅಬ್ಬಾ, ಎಷ್ಟು ಸಿಹಿ ನೋಡೇ! ಇಷ್ಟು ವರ್ಷ ಆಯ್ತು, ಈ ಊರಿನ ನಲ್ಲೀಲಿ ಇಂಥ ನೀರು ಕಂಡಿರಲಿಲ್ಲ. ನಿಮ್ಮಪ್ಪ ಪುಣ್ಯಾತ್ಮ ಕಣೇ. ಹೋಗ್ತಾ ಹೋಗ್ತಾ ನೀರನ್ನ ಸಿಹಿ ಮಾಡಿಟ್ಟು ಹೋದ."

ಮೊನ್ನೆಯವರೆಗೂ ಅಪ್ಪನನ್ನು 'ಬ್ಲೀಚಿಂಗ್ ಎವರಿಸ್ತೊ' ಎಂದು ಬೇಲಿಯಾಚೆಯಿಂದ ಬೈಯುತ್ತಿದ್ದವಳು ಇವಳೇ.

ದಿಲ್ಸಿಯಾ ಒಂದು ಗುಟುಕು ಕುಡಿದು ನೋಡಿದಳು. ನಿಜಕ್ಕೂ ಸಿಹಿ. ಔಷಧಿಯ ವಾಸನೆಯೇ ಇಲ್ಲ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ಅಪ್ಪನ ಚೀಲದಿಂದ ಗಾಜಿನ ಕೊಳವೆ ತೆಗೆದು, ನೀರು ತುಂಬಿ, ಪುಟ್ಟ ಸೀಸೆಯಿಂದ ಐದು ಹನಿ ಹಾಕಿದಳು. ನೀರಲ್ಲಿ ಕ್ಲೋರಿನ್ ಇದ್ದರೆ ಹಳದಿಯಾಗಬೇಕು. ಆಗಲಿಲ್ಲ.

ಗುರುವಾರ ಎಂದರೇನೆಂದು ಅವಳಿಗೆ ಆಗ ಹೊಳೆಯಿತು. ಸೋಮವಾರ ಜ್ವರದಿಂದ ಮಲಗಿದ ಅಪ್ಪ "ಗುರುವಾರ, ಗುರುವಾರ" ಎಂದು ಕನವರಿಸುತ್ತಲೇ ಇದ್ದ. ನಿನ್ನೆ, ಗುರುವಾರ ಮಧ್ಯಾಹ್ನ, ತೀರಿಕೊಂಡ. ತನ್ನ ದಿನ ತಾನೇ ಹೇಳಿದ ಮಹಾನುಭಾವ ಎಂದು ತೊಮಾಸಾ ಶಿಲುಬೆಯ ಗುರುತು ಹಾಕಿಕೊಂಡಿದ್ದೇ ತಡ, ಕತೆ ಸಂಜೆಯೊಳಗೆ ಎಲ್ ಗುಯಾಬಲ್ ಊರೆಲ್ಲ ಸುತ್ತಿ ಬಂದಿತ್ತು. ಬೆಟ್ಟದ ಮೇಲಿನ ಟ್ಯಾಂಕಿನ ಡ್ರಮ್ಮಿಗೆ ಅಪ್ಪ ಬ್ಲೀಚಿಂಗ್ ಪುಡಿ ಕಲಸಿ ತುಂಬುವ ದಿನ ಗುರುವಾರ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಇಪ್ಪತ್ತೆರಡು ವರ್ಷ ಅದನ್ನೇ ನೋಡುತ್ತ ಬೆಳೆದ ಮಗಳಿಗೂ ಹೊಳೆಯಲಿಲ್ಲ. ದಿಲ್ಸಿಯಾಗೆ ಎಲ್ಲರಿಗಿಂತ ಮೊದಲು ತನ್ನ ಮೇಲೇ ಸಿಟ್ಟು ಬಂತು.

ಹಿತ್ತಿಲಲ್ಲಿ ಬಂದವರ ಮಕ್ಕಳೆಲ್ಲ ನಿಂಬೆಹಣ್ಣಿನ ಪಾನಕಕ್ಕೆ ಮುತ್ತಿಕೊಂಡಿದ್ದರು. ಕಾಫಿಯಾದರೆ ಕುದ್ದಿರುತ್ತದೆ, ಪಾನಕ ನಲ್ಲಿಯದ್ದೇ. ಬೆಟ್ಟದ ಮೇಲೆ ಎರಡು ದಿನದಿಂದ ಮಳೆ. ಹಸುಗಳು ಮೇಯುವ ಇಳಿಜಾರಿನ ನೀರೆಲ್ಲ ತೊರೆಗೆ, ತೊರೆಯದು ಟ್ಯಾಂಕಿಗೆ. ಅವಳು ಪಾನಕದ ಹಂಡೆಯನ್ನು ಎರಡೂ ಕೈಯಿಂದ ಬಗ್ಗಿಸಿ ಅಂಗಳಕ್ಕೆ ಸುರಿದಳು.

"ಅಯ್ಯಯ್ಯೋ, ಸಾವಿನ ಮನೇಲಿ ಸಕ್ಕರೆ ಚೆಲ್ತಾರೇನೇ? ಹುಚ್ಚು ಹಿಡೀತಾ ನಿಂಗೆ?" ತೊಮಾಸಾ ಕೂಗಿಕೊಂಡಳು.

ನೀರಿನ ಸಮಿತಿಯ ಅಧ್ಯಕ್ಷ ದೊನ್ ನೊರ್ಬೆರ್ತೊ ಟೋಪಿ ಕೈಯಲ್ಲಿ ಹಿಡಿದು ಶವಪೆಟ್ಟಿಗೆಯ ಪಕ್ಕ ಗಂಭೀರವಾಗಿ ನಿಂತಿದ್ದ. ದಿಲ್ಸಿಯಾ ಅವನನ್ನು ಮೂಲೆಗೆ ಕರೆದಳು.

"ಟ್ಯಾಂಕಿನ ಕೋಣೆ ಕೀಲಿ ಕೊಡಿ."

"ಅದು ನಿಮ್ಮಪ್ಪನ ಹತ್ರಾನೇ ಇರ್ತಿತ್ತಲ್ಲಮ್ಮ. ಇನ್ನೊಂದು ಕೀಲಿ ಮಾಡಿಸಬೇಕು ಅಂತ ಸಭೇಲಿ ತೀರ್ಮಾನ ಆಗಿದೆ."

"ಯಾವಾಗ ಆಯ್ತು?"

"ನಾಲ್ಕು ವರ್ಷ ಆಗಿರಬೇಕು."

"ಬೀಗ ಒಡೆಸಿ ಹಾಗಾದ್ರೆ."

"ಸಮಿತಿ ಬೀಗ, ಸುಮ್ನೆ ಒಡೆಯಕ್ಕಾಗುತ್ತಾ? ಒಂಬತ್ತು ದಿನದ ಪ್ರಾರ್ಥನೆ ಮುಗೀಲಿ, ಸಭೆ ಕರೆಯೋಣ. ಅಲ್ಲೀವರೆಗೆ ಜನ ಅವನ ಹೆಸರು ಹೇಳ್ಕೊಂಡು ಒಳ್ಳೇ ನೀರು ಕುಡೀಲಿ ಬಿಡು."

*

ಆರು ವರ್ಷದ ಹಿಂದೆಯೂ ಇದೇ ನೊರ್ಬೆರ್ತೊ, ಇದೇ ರಾಗ. ಊರ ಸಂತನ ಹಬ್ಬಕ್ಕೆ ಪಟ್ಟಣದಿಂದ ದೊಡ್ಡವರು ಬರುತ್ತಾರೆ, ಒಂದು ವಾರ ಆ ವಾಸನೆ ನಿಲ್ಲಿಸು ಎಂದು ಸಮಿತಿ ಕೈಯೆತ್ತಿ ತೀರ್ಮಾನಿಸಿತು. ಎವರಿಸ್ತೊ ಬೇಡಿಕೊಂಡ, ಯಾರೂ ಕೇಳಲಿಲ್ಲ, ನಿಲ್ಲಿಸಿದ. ನಾಲ್ಕನೇ ದಿನಕ್ಕೆ ನಲವತ್ತೆರಡು ಜನ ವಾಂತಿ ಭೇದಿಯಿಂದ ಹಾಸಿಗೆ ಹಿಡಿದರು. ತೊಮಾಸಾಳ ಮೊಮ್ಮಗಳು ಆಸ್ಪತ್ರೆಯಿಂದ ಪೊರಕೆ ಕಡ್ಡಿಯಾಗಿ ಹಿಂತಿರುಗಿದಳು. ಸಮಿತಿ ಮತ್ತೆ ಸೇರಿ ಕಾರಣ ಕಂಡುಹಿಡಿಯಿತು: ಇಷ್ಟು ವರ್ಷ ಎವರಿಸ್ತೊ ಹಾಕಿದ ಔಷಧಿಯಿಂದ ಊರವರ ಹೊಟ್ಟೆ ಕೆಟ್ಟಿದೆ.

ಅವತ್ತು ಅಪ್ಪ ಮನೆಗೆ ಬಂದು, ಕೀಲಿಯನ್ನು ದಾರಕ್ಕೆ ಪೋಣಿಸಿ, ಕೊರಳಿಗೆ ಹಾಕಿಕೊಂಡು ಗಂಟು ಬಿಗಿದ.

"ಇನ್ಮೇಲೆ ಯಾರು ಹೇಳಿದ್ರೂ ನಿಲ್ಸಲ್ಲ."

"ಬಿಟ್ಟಾಕಿ ಅಪ್ಪಾ," ದಿಲ್ಸಿಯಾ ರೇಗಿದ್ದಳು. "ಬೈಸ್ಕೊಂಡು ಯಾಕೆ ಸಾಯ್ತೀರಿ? ಅನುಭವಿಸ್ಲಿ ಅವ್ರು."

"ಅನುಭವಿಸೋರು ಸಭೇಲಿ ಕೈ ಎತ್ತಿದೋರಲ್ಲ ಮಗಳೇ. ಮಕ್ಕಳು."

*

ಬಡಗಿ ಶವಪೆಟ್ಟಿಗೆಯ ಮುಚ್ಚಳ ಎತ್ತಿಕೊಂಡಾಗಿತ್ತು.

"ತಡೀರಿ," ಎಂದು ದಿಲ್ಸಿಯಾ ಅಡ್ಡ ಬಂದಳು. ಅಪ್ಪನ ಭಾನುವಾರದ ಅಂಗಿಯ ಮೇಲಿನ ಗುಂಡಿ ಬಿಚ್ಚಿದಳು. ಸ್ನಾನ ಮಾಡಿಸಿದ ಹೆಂಗಸರು ಕೊರಳಲ್ಲಿದ್ದ ಕೀಲಿಯ ದಾರವನ್ನು ಹರಕೆಯದೆಂದು ಹಾಗೇ ಬಿಟ್ಟಿದ್ದರು. ತಣ್ಣಗಿನ ಕೊರಳಿಗೆ ಬೆರಳು ತಗುಲಿದ್ದೇ ಅವಳಿಗೆ ತಡೆಯಲಾರದಷ್ಟು ಅಳು ಬಂತು. ಅಳುತ್ತಲೇ ಗಂಟು ಬಿಚ್ಚಿದಳು.

ತೊಮಾಸಾ ಅವಳ ರಟ್ಟೆ ಹಿಡಿದಳು. "ಹೊರಟೋನ ಕೊರಳಿಂದ ಕಿತ್ಕೋಬಾರ್ದು ಕಣೇ! ಊರಿಗೇ ಕೇಡು!"

"ಇಲ್ಲೇ ಬಿಟ್ರೆ ಊರನ್ನೂ ಜೊತೆಗೇ ಕಳ್ಸಿದ ಹಾಗೆ. ಬಿಡಿ ಕೈ."

ಮೆರವಣಿಗೆಯುದ್ದಕ್ಕೂ ಅವಳ ಬೆನ್ನ ಹಿಂದೆ ಪಿಸುಪಿಸು ನಡೆದೇ ಇತ್ತು. ಸ್ಮಶಾನ ಬೆಟ್ಟದ ಅರ್ಧಕ್ಕೆ. ಮಣ್ಣು ಮಾಡಿ ಮಿಕ್ಕವರೆಲ್ಲ ಮೆಕ್ಕೆಜೋಳದ ಕಡುಬು ತಮಾಲೆ ತಿನ್ನಲು ಕೆಳಗಿಳಿದರು. ದಿಲ್ಸಿಯಾ ಒಬ್ಬಳೇ ಮೇಲೆ ಹತ್ತಿದಳು. ಬೀಗ ತೆಗೆದು, ಪುಡಿ ಅಳೆದು, ಕೆಮ್ಮುತ್ತ ಕಲಸಿ, ಡ್ರಮ್ಮಿನಿಂದ ಟ್ಯಾಂಕಿಗೆ ಹನಿ ಬೀಳುವವರೆಗೆ ಕಾದು ಕೂತಳು. ಎದ್ದಾಗ ಹೊಸ ಕಪ್ಪು ಲಂಗದ ಮೇಲೆಲ್ಲ ಕಲೆ ಬಿದ್ದು ಬಣ್ಣ ಹೋಗಿತ್ತು. ಅಪ್ಪನ ಒಂದೊಂದು ಅಂಗಿಯೂ ಹೀಗೇ ಹಾಳಾಗಿತ್ತು.

ಸಂಜೆ ಮೊದಲ ದಿನದ ಪ್ರಾರ್ಥನೆಗೆ ಮನೆ ತುಂಬಿತು. ತೊಮಾಸಾ ಚೊಂಬಿಗೆ ಬಾಯಿಟ್ಟವಳು ಥೂ ಎಂದು ಉಗಿದಳು.

"ಬಂತು ನೋಡು ಹಾಳು ವಾಸನೆ! ಅಪ್ಪ ಕೊಟ್ಟ ವರಾನ ಮಗಳು ಒಂದೇ ದಿನಕ್ಕೆ ಕಳೆದ್ಲಲ್ಲಪ್ಪಾ!"

"ಹೂಂ, ಕಳೆದೆ," ಎಂದಳು ದಿಲ್ಸಿಯಾ.

ಅವಳು ಬೆಳಗ್ಗೆ ತುಂಬಿ ದೇವರ ಮುಂದಿಟ್ಟಿದ್ದ ಲೋಟವನ್ನು ಎತ್ತಿಕೊಂಡು ಹೋಗಿ ಹಿತ್ತಿಲಿಗೆ ಚೆಲ್ಲಿದಳು. ನಲ್ಲಿ ತಿರುಗಿಸಿ ಮತ್ತೆ ತುಂಬಿದಳು.

"ಆತ್ಮಕ್ಕಾದ್ರೂ ಆ ಸಿಹಿನೀರು ಇರಲಿ ಬಿಡೇ," ಎಂದಳು ತೊಮಾಸಾ, ಈಗ ಬೇಡುವ ದನಿಯಲ್ಲಿ. "ದೂರದ ದಾರಿ, ಬಾಯಾರುತ್ತೆ."

"ಅಪ್ಪ ನೋಡ್ದೆ ಕುಡಿಯಲ್ಲ."

ಲೋಟದಿಂದ ಒಂದಿಷ್ಟು ಕೊಳವೆಗೆ ಬಗ್ಗಿಸಿ ಐದು ಹನಿ ಹಾಕಿದಳು. ಲೋಟವನ್ನು ಅಪ್ಪನ ಪಟದ ಮುಂದಿಟ್ಟಳು. ಕೊಳವೆಯನ್ನು ಅದರ ಪಕ್ಕದಲ್ಲೇ, ಪಟದಿಂದ ಚೆನ್ನಾಗಿ ಕಾಣುವಂತೆ, ಮೇಣದಬತ್ತಿಗೆ ಒರಗಿಸಿ ನಿಲ್ಲಿಸಿದಳು. ಪ್ರಾರ್ಥನೆ ಮುಗಿಯುವವರೆಗೂ ಅದು ಅಲ್ಲಿ ಹಳದಿಯಾಗಿ ನಿಂತಿತ್ತು.