ಏಳನೆಯ ಕಪ್ಪೆ

"ಪ್ಲಗ್ ತೆಗೀಬೇಡಿ ಮಾಮ," ಎಂದು ಮಗಳು ಅಡ್ಡ ಬರುವಷ್ಟರಲ್ಲಿ ಸೋದರಮಾವ ಫ್ರಿಜ್ಜನ್ನು ಗೋಡೆಯಿಂದ ಅರ್ಧ ಎಳೆದಾಗಿತ್ತು. ಕುರ್ಚಿಗಳಿಗೆ ಜಾಗ ಬೇಕಿತ್ತು. ಹನ್ನೊಂದಕ್ಕೆ ಸ್ಮಶಾನದ ವ್ಯಾನ್ ಬರುವುದಿತ್ತು. ಅಮ್ಮ ಮುಂದಿನ ಕೋಣೆಯ ಮೇಜಿನ ಮೇಲೆ ಬಿಳಿ ಹೊದಿಕೆಯಡಿ ಮಲಗಿದ್ದಳು.

"ಓ, ಕಪ್ಪೆ ಡಾಕ್ಟ್ರ ಆಸ್ತಿ ಒಳಗಿದೆಯಲ್ಲ," ಎಂದು ಮಾವ ಕೈಬಿಟ್ಟ. ಅಕ್ಕನನ್ನು ಅವನು ಕರೆಯುತ್ತಿದ್ದದ್ದೇ ಹಾಗೆ. ಅವಳು ಡಾಕ್ಟರೇನಲ್ಲ, ಕಾಲೇಜಿನ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷ ಸಹಾಯಕಿ. ಐಸ್ ಟ್ರೇಯ ಹಿಂದೆ ಬೆರಳುದ್ದದ ಒಂದು ಕೊಳವೆ ಹತ್ತೊಂಬತ್ತು ವರ್ಷದಿಂದ ಇತ್ತು. ಅಂಟಿಸಿದ ಚೀಟಿಯ ಮೇಲೆ ಅವಳ ಗುಂಡು ಅಕ್ಷರ: ಕಪ್ಪೆ, ೭.

ಬಂದವರಿಗೆಲ್ಲ ಮಾವ ಅದರ ಕತೆಯನ್ನೇ ಹೇಳುತ್ತಿದ್ದ. ಮನುಷ್ಯನೂ ಕಪ್ಪೆಯೂ ಒಂದೇ ಬೇರಿನಿಂದ ಬಂದವು ಎನ್ನುವ ವಿಕಾಸವಾದವನ್ನು ಅವನು ಒಂದು ದಿನವೂ ನಂಬಿದವನಲ್ಲ. ಅದನ್ನು ಸುಳ್ಳು ಮಾಡುವ ಪುರಾವೆ ಈ ಫ್ರಿಜ್ಜಿನಲ್ಲೇ ಇದೆ, ದೊಡ್ಡವರು ಸೇರಿ ಮುಚ್ಚಿಹಾಕಿದರು ಎನ್ನುತ್ತಿದ್ದ.

* * *

ಹತ್ತೊಂಬತ್ತು ವರ್ಷದ ಹಿಂದೆ, ಕಾಲೇಜಿನ ಸಂಜೆ ತರಗತಿಯಲ್ಲಿ ಕೇಳಿದ ಒಂದು ಮಾತು ಅಮ್ಮನನ್ನು ಬಿಟ್ಟಿರಲಿಲ್ಲ. ಒಂದು ಸಿದ್ಧಾಂತ ಸರಿ ಎನ್ನುವವರು, ಏನು ಸಿಕ್ಕರೆ ಅದು ತಪ್ಪು ಎಂಬುದನ್ನೂ ಮೊದಲೇ ಹೇಳಿರಬೇಕು. ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ ಮೇಷ್ಟ್ರೇ ಅಲ್ಲಿ ಹೇಳಿದ್ದರು: ಹತ್ತಿರದ ಜೀವಿಗಳ ವಂಶವಾಹಿ ಹೆಚ್ಚು ಹೋಲಬೇಕು, ದೂರದವುಗಳದು ಕಡಿಮೆ. ಮನುಷ್ಯನದನ್ನು ಒಂದಕ್ಷರ ಬಿಡದೆ ಹೋಲುವ ಉದ್ದನೆಯ ತುಣುಕು ಕಪ್ಪೆಯಲ್ಲಿ ಸಿಕ್ಕಿದ ದಿನ ನಾವೆಲ್ಲ ಗಂಟುಮೂಟೆ ಕಟ್ಟಬೇಕು.

ಅವಳು ಪರೀಕ್ಷೆಗೆ ತೆಗೆದ ಏಳನೆಯ ಕಪ್ಪೆಯಲ್ಲಿ ಅದು ಸಿಕ್ಕಿತು. ಅದರ ವಂಶವಾಹಿ ತುಂಬಿಟ್ಟ ಅದೇ ಕೊಳವೆಯಿಂದ ಮೂರು ಸಲ ನೋಡಿದಳು. ಮೂರು ಸಲವೂ ಹಾಗೆಯೇ. ಕಪ್ಪೆಯ ಉಳಿದ ಭಾಗ ಆಗಲೇ ಕಸಕ್ಕೆ ಹೋಗಿತ್ತು. ಏನೋ ಕಲಬೆರಕೆಯಾಗಿದೆ, ಎಸೆದುಬಿಡಿ ಎಂದರು ಮೇಷ್ಟ್ರು.

"ಕಲಬೆರಕೆ ನನ್ನ ಕೈಯಿಂದಲಾ ಸರ್?"

ಯಾರ ಕೈಯೋ ಏನೋ ಎಂದು ಅವರು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಅವಳು ಎಸೆಯಲಿಲ್ಲ. ಅಂದಿನಿಂದ ಮನೆಯಲ್ಲಿ ಹಾಲಿನ ಪಾತ್ರೆ ಮುಟ್ಟುವ ಮೊದಲೂ ಎರಡೆರಡು ಸಲ ಕೈ ತೊಳೆಯುತ್ತಿದ್ದಳು.

ಕಳೆದ ತಿಂಗಳು ಆಸ್ಪತ್ರೆಯಲ್ಲಿ, ಕೊಳವೆಯಿಂದ ಒಂದು ಹನಿಯನ್ನೂ ತನ್ನ ಕೆನ್ನೆಯೊಳಗೆ ಸವರಿದ ಹತ್ತಿಯನ್ನೂ ಹೋಲಿಸಿ ನೋಡಲೆಂದು ಮೇಷ್ಟ್ರಿಗೆ ಮುಟ್ಟಿಸಲು ಮಗಳಿಗೆ ಹೇಳಿದಳು.

"ಏನು ಬಂದ್ರೂ ಎಲ್ರ ಮುಂದೆ ಹೇಳ್ಬೇಕು ಕಣೇ. ನನ್ನದೇ ತಪ್ಪಾಗಿದ್ರೂ."

ಮಗಳು ಮಾತು ಕೊಟ್ಟಳು.

* * *

ಹತ್ತೂವರೆಗೆ ಮೇಷ್ಟ್ರು ಬಂದರು. ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಮಗಳಿಗೆ ಪರೀಕ್ಷೆಯ ವರದಿಯ ಮಡಿಸಿದ ಕಾಗದ ಕೊಟ್ಟರು. ನಿನ್ನೆ ಸಂಜೆಯಷ್ಟೇ ಬಂತಂತೆ.

ಆ ತುಣುಕು ಕಪ್ಪೆಯದಲ್ಲ. ಅಮ್ಮನದೇ. ಒಂದಕ್ಷರವೂ ಹೆಚ್ಚುಕಮ್ಮಿ ಇರಲಿಲ್ಲ.

"ಆಗ ವಾರಕ್ಕೆ ಒಂದೇ ಜೊತೆ ಗ್ಲೌಸ್ ಕೊಡ್ತಿದ್ರಮ್ಮ," ಎಂದರು ಮೇಷ್ಟ್ರು. "ಹೆಬ್ಬೆರಳ ಹತ್ರ ಹರಿದಿದೆ ಸರ್ ಅಂತ ನಿಮ್ಮಮ್ಮ ಬೇರೆ ಜೊತೆ ಕೇಳೋಕೆ ಬಂದಿದ್ರು. ಇವತ್ತೊಂದು ದಿನ ಹಾಕ್ಕೊಳ್ಳಿ ಅಂದಿದ್ದೆ."

"ಅದನ್ನ ಅಮ್ಮನಿಗೆ ಯಾವತ್ತೂ ಹೇಳ್ಲಿಲ್ವಲ್ಲ ಸರ್."

ಅವರು ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ತಿರುಗಿಸಿ ಬಿಗಿ ಮಾಡಿದರು. ಅದು ನಿಲ್ಲಲಿಲ್ಲ.

ವ್ಯಾನ್ ಬಂತು. ಮಾವ ಒಳಗೆ ಹೋಗಿ ಕೊಳವೆಯನ್ನು ಹಿಡಿದುಕೊಂಡೇ ಬಂದ. ಕಣ್ಣು ತುಂಬಿತ್ತು. "ಜೀವಮಾನವೆಲ್ಲ ಬಾಟ್ಲಿ ತೊಳೆದ್ಲು ಅಂದ್ಕೋಬೇಡಿ. ನಮ್ಮಕ್ಕ ದೊಡ್ಡದೊಡ್ಡವರನ್ನೇ ಸೋಲಿಸಿದೋಳು. ಇದು ಅವಳ ಜೊತೇಲೇ ಹೋಗ್ಲಿ." ಮಗಳ ಕಡೆ ತಿರುಗಿದ. "ನೀನೂ ಒಂದು ಮಾತು ಹೇಳಮ್ಮ."

ಎಲ್ಲರೂ ಅಲ್ಲೇ ಇದ್ದರು. ಕಾಗದ ಅವಳ ಮುಷ್ಟಿಯಲ್ಲಿ ಬೆವರಿಗೆ ಮೆತ್ತಗಾಗಿತ್ತು. ಮೇಷ್ಟ್ರು ನೆಲ ನೋಡುತ್ತಿದ್ದರು.

"ಹೊತ್ತಾಯ್ತು ಮಾಮ," ಎಂದಳು.

ಮಾವ ಕೊಳವೆಯನ್ನು ಅಕ್ಕನ ಅಂಗೈಯಲ್ಲಿಟ್ಟ. ಸೆಟೆದ ಬೆರಳುಗಳು ಮಡಚಲಿಲ್ಲ, ಉರುಳಿಬಿತ್ತು. ಮತ್ತೆ ಇಟ್ಟ, ಮತ್ತೆ ಉರುಳಿತು. ಕೊನೆಗೆ ಹೆಬ್ಬೆರಳ ಕೆಳಗೆ ಒತ್ತಿ ಸಿಕ್ಕಿಸಿದ. ಚೀಟಿಯ ಮೇಲಿನ ಮಂಜು ನಿಧಾನವಾಗಿ ಕರಗಿ, ಶಾಯಿ ಅವಳ ಹೆಬ್ಬೆರಳಿಗೆ ಹತ್ತಿತು.